ಜಾಮರಿನ್ ಫಾರ್ಮ್ಸ್ ಬಿಟ್ಟು ಎಲ್ಲಿಗೆ ಹೋಗೋದು? ಮುಂದೆ ಯಾವ ಫೋನ್ ಅನ್ನೋದೇ ಗೊತ್ತಿಲ್ಲ

ಸಂಪು_ಲೆಕ್ಕ:

ಎಲ್ಲರಿಗೂ ನಮಸ್ಕಾರ. ಅಪಾರ್ಟ್‌ಮೆಂಟ್‌ಗಳಲ್ಲಿ ನೀರಿನ ಮೀಟರ್ ಓದಿ, ನಿಂತ ಜಾಗದಲ್ಲೇ ಬಿಲ್ ಹರಿದು ಕೊಡೋ ಆ್ಯಪ್ ನಮ್ಮದು. ವೈಟ್‌ಫೀಲ್ಡ್‌ನಿಂದ ಕನಕಪುರ ರಸ್ತೆವರೆಗೆ ಸುಮಾರು 220 ಹ್ಯಾಂಡ್‌ಸೆಟ್. ಈಗ ಎಲ್ಲವೂ ಆಂಡ್ರಾಯ್ಡ್, ಹೆಚ್ಚಿನವು 2 ಜಿಬಿ ರ‍್ಯಾಮ್, ಅತಿ ಹಳೇದು ಆಂಡ್ರಾಯ್ಡ್ 9. ಜೊತೆಗೆ ಸೊಂಟಕ್ಕೆ ಸಿಗಿಸಿಕೊಳ್ಳೋ 58 ಮಿ.ಮೀ. ಬ್ಲೂಟೂತ್ ಪ್ರಿಂಟರ್. ಮೀಟರ್ ರೂಮ್ ಇರೋದು ಎರಡನೇ ಬೇಸ್‌ಮೆಂಟ್‌ನಲ್ಲಿ, ಸಿಗ್ನಲ್ ಇರಲ್ಲ. ಹಾಗಾಗಿ ಎಲ್ಲ ಮೊದಲು ಫೋನಿನಲ್ಲೇ ಇರೋ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಬೀಳತ್ತೆ, ಮೇಲೆ ಬಂದ ಮೇಲೆ ಸಿಂಕ್. ಪರದೆಗಳು 14, ಪೂರ್ತಿ ಕನ್ನಡದಲ್ಲಿ.

ಬರೆದಿರೋದು ಜಾಮರಿನ್ ಫಾರ್ಮ್ಸ್‌ನಲ್ಲಿ, ಅಂದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಪರದೆ ಕಟ್ಟೋ ಮೈಕ್ರೋಸಾಫ್ಟ್‌ನ ಟೂಲ್‌ಕಿಟ್‌ನಲ್ಲಿ. ಅದರ ಬೆಂಬಲ 2024ರ ಮೇ 1ಕ್ಕೆ ಮುಗಿದಿದೆ, ಇನ್ನು ತಳ್ಳೋಕಾಗಲ್ಲ. ಇದರ ಮೇಲೆ ಗ್ರಾಹಕರು ಹೊಸ ತಲೆನೋವು ತಂದಿದ್ದಾರೆ: ಮುಂದಿನ ಸಲ ಗೂಗಲ್ ಸೇವೆಗಳಿಲ್ಲದ ಫೋನ್ ಕೊಳ್ಳಬಹುದಂತೆ, ಅಥವಾ ಬೇರೆಯದೇ ಆಪರೇಟಿಂಗ್ ಸಿಸ್ಟಮ್ (ಓಎಸ್) ಬರಬಹುದಂತೆ, ಸೂಪರ್‌ವೈಸರ್‌ಗಳಿಗೆ ಐಫೋನ್ ಬೇಕಂತೆ. ಯಾವುದನ್ನೂ ಬರವಣಿಗೆಯಲ್ಲಿ ಕೊಡಲ್ಲ.

ನಾವು ಮೂರು ಜನ, ಮೂವರಿಗೂ ಸಿ ಶಾರ್ಪ್ ಭಾಷೆ ಮಾತ್ರ ಕೈಗೆ ಹತ್ತಿರೋದು. ಮೌಯಿ (ಫಾರ್ಮ್ಸ್ ಜಾಗಕ್ಕೆ ಮೈಕ್ರೋಸಾಫ್ಟ್ ತಂದಿರೋದು), ಫ್ಲಟರ್ (ಗೂಗಲ್‌ನದು, ಭಾಷೆ ಡಾರ್ಟ್), ರಿಯಾಕ್ಟ್ ನೇಟಿವ್, ಕಂಪೋಸ್, ಇಲ್ಲಾ ಬರೀ ವೆಬ್ ಆ್ಯಪ್, ಇಷ್ಟು ಹೆಸರು ಬೋರ್ಡ್ ಮೇಲಿದೆ. ಫೋನೇ ಖಾತ್ರಿ ಇಲ್ಲದಿದ್ದಾಗ ಟೂಲ್‌ಕಿಟ್ ಆರಿಸೋದು ಹೇಗೆ? "ಫ್ಲಟರ್ ಹಾಕಿ ಗುರು" ಅಂತ ಒಂದೇ ಸಾಲು ಬರೆಯೋರು ದಯವಿಟ್ಟು ಕಾರಣನೂ ಬರೀರಿ.

ಹಳೇ_ಕಂಪೈಲರ್:

ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಒಂದರೊಳಗೊಂದು ಸೇರಿಕೊಂಡಿವೆ. ಫೋನಿನ ಓಎಸ್ ಹೋಗಿಬಿಡೋದು ಒಂದು, ಟೂಲ್‌ಕಿಟ್ ಹೋಗಿಬಿಡೋದು ಇನ್ನೊಂದು. ಎರಡೂ ಒಟ್ಟಿಗೇ ಹೋಗಬೇಕು ಅಂತೇನಿಲ್ಲ, ಹೋದಾಗ ಆಗೋ ನಷ್ಟವೂ ಬೇರೆ ಬೇರೆ.

ನೋಕಿಯಾ ಪ್ರಕರಣ ನೋಡಿ. 2008ರಲ್ಲಿ ಕ್ಯೂಟಿ ಅನ್ನೋ ಟೂಲ್‌ಕಿಟ್ ಮಾಡಿದ ಟ್ರೋಲ್‌ಟೆಕ್ ಕಂಪನಿ ಕೊಂಡು, ತಮ್ಮ ಓಎಸ್‌ಗಳಾದ ಸಿಂಬಿಯನ್‌ಗೂ ಮೀಗೋಗೂ ಅದರಲ್ಲೇ ಬರೀರಿ ಅಂತ ಡೆವಲಪರ್‌ಗಳಿಗೆ ಹೇಳ್ತಾ ಬಂದರು. 2011ರ ಫೆಬ್ರವರಿ 11ಕ್ಕೆ ವಿಂಡೋಸ್ ಫೋನ್ ಕಡೆ ಹೊರಳಿದರು. ಎರಡೂ ಓಎಸ್ ಹೋದವು, ಕ್ಯೂಟಿ ಉಳೀತು. 2012ರಲ್ಲಿ ಡಿಜಿಯಾ ಕಂಪನಿ ಕೈಗೆ ಬಂತು, 2013ರ ಡಿಸೆಂಬರ್‌ನ 5.2 ಆವೃತ್ತಿಯಿಂದ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡ್ತು. ಅದು ಬರೀ ಅದೃಷ್ಟ ಅಲ್ಲ. ಕ್ಯೂಟಿ ಬಳಸೋ ಮುಕ್ತ ಡೆಸ್ಕ್‌ಟಾಪ್ ಯೋಜನೆ ಕೆಡಿಇಯವರ ಜೊತೆ 1998ರಿಂದಲೇ ಒಂದು ಒಪ್ಪಂದ ಇದೆ: ಮುಕ್ತ ಆವೃತ್ತಿ ಬಿಡೋದನ್ನ ಮಾಲೀಕರು ನಿಲ್ಲಿಸಿದರೆ, ಕೋಡನ್ನ ಇನ್ನೂ ಸಡಿಲವಾದ ಪರವಾನಗಿಯಲ್ಲಿ ಹೊರಗೆ ಬಿಡೋ ಹಕ್ಕು ಅದಕ್ಕಾಗಿಯೇ ಕಟ್ಟಿದ ಪ್ರತಿಷ್ಠಾನಕ್ಕಿದೆ. ಮೇಲಾಗಿ ಡೆಸ್ಕ್‌ಟಾಪ್‌ನಲ್ಲೂ ಕೈಗಾರಿಕಾ ಯಂತ್ರಗಳಲ್ಲೂ ಅದಕ್ಕೆ ಬೇರೆ ಅನ್ನದಾತರಿದ್ದರು.

ಮೈಕ್ರೋಸಾಫ್ಟ್‌ನ ಟೂಲ್‌ಕಿಟ್ ಸಿಲ್ವರ್‌ಲೈಟ್ ಕಥೆ ಇದಕ್ಕೆ ತದ್ವಿರುದ್ಧ. ವಿಂಡೋಸ್ ಫೋನ್ 7ರ ಆ್ಯಪ್‌ಗಳು ಅದರಲ್ಲಿದ್ದವು. 2012ರಲ್ಲಿ ವಿಂಡೋಸ್ ಫೋನ್ 8 ಬಂದಾಗ ಒಳಗಿನ ಕರ್ನಲ್ಲೇ (ಓಎಸ್‌ನ ಬುಡವೇ) ಬದಲಾಯ್ತು, 7ರ ಫೋನ್‌ಗಳಿಗೆ 8 ಸಿಗಲೇ ಇಲ್ಲ. ಆ ಟೂಲ್‌ಕಿಟ್‌ಗೆ ಅದೇ ಮನೆ ಬಿಟ್ಟು ಬೇರೆ ಗತಿ ಇರಲಿಲ್ಲ.

ನಿಮ್ಮದು ಮೂರನೇ ಥರ. ಆಂಡ್ರಾಯ್ಡ್, ಐಫೋನ್ ಎರಡೂ ಗಟ್ಟಿಮುಟ್ಟಾಗಿವೆ, ಮಧ್ಯದಲ್ಲಿದ್ದ ಜಾಮರಿನ್ ಫಾರ್ಮ್ಸ್ ಮಾತ್ರ ಹೋಯ್ತು. ಅಂದರೆ ಇಲ್ಲಿವರೆಗೆ ನಿಮ್ಮನ್ನ ಹೊಡೆದಿರೋದು ಓಎಸ್ ಅಲ್ಲ, ಟೂಲ್‌ಕಿಟ್. ಗ್ರಾಹಕರು ಓಎಸ್ ಓಎಸ್ ಅಂತಾರೆ ಅಂತ ನೀವೂ ಬರೀ ಅದನ್ನೇ ನೋಡ್ತಾ ಕೂತರೆ ಪೆಟ್ಟು ಮತ್ತೆ ಇದೇ ಕಡೆಯಿಂದ ಬೀಳತ್ತೆ.

ಹಾಗಾಗಿ "ಯಾವುದು ಹತ್ತು ವರ್ಷ ಬಾಳತ್ತೆ" ಅನ್ನೋ ಪ್ರಶ್ನೆ ಬಿಡಿ. "ಇದನ್ನ ಬಿಟ್ಟು ಹೊರಡೋಕೆ ಎಷ್ಟು ದಿನ ಬೇಕು" ಅಂತ ಕೇಳಿ. ಅದನ್ನ ಇವತ್ತೇ ಅಳೀಬಹುದು. ಪೂರ್ತಿ ಕೋಡ್‌ನಲ್ಲಿ "ಯೂಸಿಂಗ್ ಜಾಮರಿನ್ ಡಾಟ್ ಫಾರ್ಮ್ಸ್" ಅನ್ನೋ ಸಾಲು ಎಷ್ಟು ಫೈಲ್‌ನಲ್ಲಿದೆ ಎಣಿಸಿ. ಪರದೆಯ ಫೈಲ್‌ಗಳಲ್ಲಿದ್ದರೆ ಸರಿ. ದರ ಲೆಕ್ಕ, ಸಿಂಕ್, ಡೇಟಾಬೇಸ್ ಫೈಲ್‌ಗಳಲ್ಲಿದ್ದರೆ ಅದೇ ನೀವು ತೀರಿಸಬೇಕಾದ ಸಾಲ. ಸಾಮಾನ್ಯವಾಗಿ ಸಿಕ್ಕಿಬೀಳೋದು ಸಣ್ಣ ಸಣ್ಣ ವಿಷಯಗಳಲ್ಲಿ. ಬಾಕಿ ಇದ್ದರೆ ಕೆಂಪು ಬಣ್ಣ ಅಂತ ವ್ಯೂ ಮಾಡೆಲ್ (ಪರದೆಗೆ ಡೇಟಾ ಒದಗಿಸೋ ಕೋಡ್) ನೇರ ಕಲರ್ ವಾಪಸ್ ಕೊಡ್ತಿರತ್ತೆ. ಅದು "ಬಾಕಿ ಇದೆ" ಅನ್ನೋ ಸ್ಥಿತಿ ಮಾತ್ರ ಹೇಳಲಿ, ಕೆಂಪೋ ಹಳದಿಯೋ ಪರದೆ ನೋಡಿಕೊಳ್ಳಲಿ. ಸಿಂಕ್ ಕೋಡ್ ನಡುವೆ ಪರದೆ ನಡೆಸೋ ಮೈನ್ ಥ್ರೆಡ್‌ಗೆ ಹಾರೋ ಕರೆ, ಆ್ಯಪ್ ಪ್ರಾಪರ್ಟೀಸ್‌ನಲ್ಲಿ ಬಚ್ಚಿಟ್ಟ ಲಾಗಿನ್ ಟೋಕನ್, ಇವೂ ಅದೇ ಜಾತಿ.

ಇವನ್ನೆಲ್ಲ ಎತ್ತಿ, ಹಳೇ ಹೊಸ ಡಾಟ್‌ನೆಟ್ (ಸಿ ಶಾರ್ಪ್ ಓಡೋ ವೇದಿಕೆ) ಎರಡಕ್ಕೂ ಒಗ್ಗೋ ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0ರ ಬೇರೆ ಲೈಬ್ರರಿಗೆ ಹಾಕಿ. ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಓಡೋ ನಕಲಿ ಫೋನ್) ಇಲ್ಲದೆ, ಫೋನ್ ಇಲ್ಲದೆ, ಲ್ಯಾಪ್‌ಟಾಪ್‌ನಲ್ಲೇ ಅದರ ಟೆಸ್ಟ್‌ಗಳು ಓಡಿದರೆ ಅಲ್ಲಿಗೆ ತಿರುಳು ಬಿಡಿಸಿಕೊಂಡ ಹಾಗೆ. ಯಾವ ಟೂಲ್‌ಕಿಟ್ ಆರಿಸಿದರೂ ಈ ಕೆಲಸ ದಂಡ ಆಗಲ್ಲ, ಅದಕ್ಕೇ ಇದನ್ನ ಮೊದಲು ಮಾಡಿ.

ವೆಬ್_ಸಾಕು:

14 ಪರದೆಗೆ ಇಷ್ಟೆಲ್ಲ ಯಾಕೆ? ವೆಬ್ ಆ್ಯಪ್ ಮಾಡಿ, ಬ್ರೌಸರ್ ಇರೋ ಯಾವ ಫೋನ್ ಬಂದರೂ ಓಡತ್ತೆ. ಬ್ರೌಸರ್‌ಗಿಂತ ದೀರ್ಘಾಯುಷಿ ಟೂಲ್‌ಕಿಟ್ ಇನ್ನೊಂದಿಲ್ಲ.

ಬಿಲ್ಡ್_ಮುರೀತು:

@ವೆಬ್_ಸಾಕು ಪ್ರಿಂಟರ್ ಮರೆತ್ರಿ. ಆ ಅಗ್ಗದ 58 ಮಿ.ಮೀ. ಪ್ರಿಂಟರ್‌ಗಳು ಮಾತಾಡೋದು ಕ್ಲಾಸಿಕ್ ಬ್ಲೂಟೂತ್‌ನ ಸೀರಿಯಲ್ ಪ್ರೊಫೈಲ್. ಬ್ರೌಸರ್‌ನ ವೆಬ್ ಬ್ಲೂಟೂತ್ ಮುಟ್ಟೋದು ಲೋ ಎನರ್ಜಿ ಅನ್ನೋ ಬೇರೆ ಬಗೆಯ ಬ್ಲೂಟೂತ್ ಮಾತ್ರ, ಸಫಾರಿಯಲ್ಲಂತೂ ಅದೂ ಇಲ್ಲ. ಬ್ರೌಸರ್ ಇದ್ದರೆ ಸಾಕು ಅನ್ನೋದೂ ಅಷ್ಟು ನಿಜ ಅಲ್ಲ. ಗುಂಡಿ ಫೋನ್‌ಗಳ ಓಎಸ್ ಆದ ಕೈಓಎಸ್ 2.5ರಲ್ಲಿ ಇರೋದು ಹಳೇ ಬ್ರೌಸರ್ ಎಂಜಿನ್ ಗೆಕೋ 48: ಅಸಿಂಕ್ ಅವೇಟ್, ಸಿಎಸ್‌ಎಸ್ ಗ್ರಿಡ್ ಥರದ ಹೊಸ ಸೌಲಭ್ಯ ಇಲ್ಲ, 240 ಅಡ್ಡ 320 ಉದ್ದದ ಪರದೆ, ಟಚ್ ಬದಲು ಗುಂಡಿ. ಅದೇ ಎಚ್‌ಟಿಎಂಎಲ್ ಆದ್ರೂ ಪರದೆ ಎಲ್ಲ ಮತ್ತೆ ಹೊಸದಾಗಿ ಕಟ್ಟಬೇಕು.

@ಸಂಪು_ಲೆಕ್ಕ ಮೂರೂ ಜನ ಸಿ ಶಾರ್ಪ್ ಅಂದ್ರೆ ಮೌಯಿ ಹತ್ತಿರದ ದಾರಿ. ಆದ್ರೆ ಕಣ್ಣು ಬಿಟ್ಕೊಂಡು ಹೋಗಿ.

ಮೊದಲು ಗಡುವಿನ ವಿಷಯ. ಜಾಮರಿನ್ ಆಂಡ್ರಾಯ್ಡ್ ತಲುಪಿದ ಕೊನೇ ಮಟ್ಟ ಎಪಿಐ 34 (ಅಂದ್ರೆ ಆಂಡ್ರಾಯ್ಡ್ 14). ಪ್ಲೇ ಸ್ಟೋರ್‌ನಲ್ಲಿ 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗೂ ಅಪ್‌ಡೇಟ್‌ಗೂ 35 (ಆಂಡ್ರಾಯ್ಡ್ 15) ಬೇಕು. ಅಂದ್ರೆ ಹಳೇ ಪ್ರಾಜೆಕ್ಟ್‌ನಿಂದ ಅಲ್ಲಿಗೆ ಅಪ್‌ಡೇಟ್ ಕಳಿಸೋ ಬಾಗಿಲು ಮುಚ್ಚಿದೆ. ನಿಮ್ಮ ಆ್ಯಪ್ ಆ ಸಂಸ್ಥೆಯೊಳಗೆ ಮಾತ್ರ ಹಂಚೋ ಶಾಶ್ವತ ಖಾಸಗಿ ಆ್ಯಪ್ ಆಗಿದ್ರೆ ಈ ನಿಯಮದಿಂದ ವಿನಾಯಿತಿ ಇದೆ, ಪ್ಲೇ ಕನ್ಸೋಲ್‌ನಲ್ಲಿ ಮೊದಲು ಅದನ್ನ ನೋಡ್ಕೊಳ್ಳಿ. ಖಾಸಗಿ ಆಗಿದ್ರೆ ನಿಮಗೆ ಉಸಿರಾಡೋಕೆ ಟೈಮ್ ಸಿಕ್ತು.

ಪರದೆ ಕೆಡೋದು ಎಲ್ಲೆಲ್ಲಿ ಅಂದ್ರೆ: ಫಾರ್ಮ್ಸ್‌ನಲ್ಲಿ ಸ್ಟ್ಯಾಕ್ ಲೇಔಟ್‌ಗೂ ಗ್ರಿಡ್‌ಗೂ (ಪರದೆಯ ತುಣುಕು ಜೋಡಿಸೋ ಚೌಕಟ್ಟುಗಳು) ಏನೂ ಬರೀದಿದ್ರೆ ನಡುವಿನ ಜಾಗ 6 ಇರ್ತಿತ್ತು, ಮೌಯಿಯಲ್ಲಿ 0. ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಬಂದ್ರೆ ಗಾಬರಿ ಆಗ್ಬೇಡಿ, ಸ್ಟೈಲ್ ಫೈಲ್‌ನಲ್ಲಿ ಒಂದ್ಸಲ 6 ಬರೆದ್ರೆ ಸಾಕು. ಗ್ರಿಡ್‌ನಲ್ಲಿ ಸಾಲು, ಕಂಬ ಎಷ್ಟು ಅಂತ ಹೇಳ್ದೇ ಇದ್ರೂ ಫಾರ್ಮ್ಸ್ ತಾನೇ ಊಹಿಸ್ಕೊಳ್ತಿತ್ತು, ಇಲ್ಲಿ ಬಾಯಿ ಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಎಲ್ಲ ಮೊದಲ ಚೌಕದಲ್ಲಿ ಒಂದರ ಮೇಲೊಂದು. ಕಸ್ಟಮ್ ರೆಂಡರರ್ (ತುಣುಕು ಹೇಗೆ ಕಾಣ್ಬೇಕು ಅಂತ ನೀವೇ ಬರೆದ ಕೋಡ್) ಎಷ್ಟಿವೆ ಎಣಿಸಿ, ಅವನ್ನ ಮೌಯಿಯ ಹ್ಯಾಂಡ್ಲರ್‌ಗೆ ಬದಲಾಯಿಸೋದೇ ಹೆಚ್ಚು ಸಮಯ ತಿನ್ನೋದು. ಎರಡು ಮೂರು ಇದ್ರೆ ಪರವಾಗಿಲ್ಲ.

ನಿಜವಾದ ಅಪಾಯ ಇರೋದು ಡೇಟಾದಲ್ಲಿ. ಬೇಸ್‌ಮೆಂಟ್‌ನಲ್ಲಿ ಓದಿ ಇನ್ನೂ ಸಿಂಕ್ ಆಗ್ದೇ ಇರೋ ರೀಡಿಂಗ್ ಫೋನ್‌ನಲ್ಲೇ ಇರತ್ತಲ್ಲ, ಅಪ್‌ಡೇಟ್ ಆದ್ಮೇಲೆ ಅದು ಕಾಣಿಸ್ಬೇಕು. ಡೇಟಾಬೇಸ್‌ನ ಜಾಗ ಸ್ಪೆಷಲ್ ಫೋಲ್ಡರ್ ಪರ್ಸನಲ್ ಅನ್ನೋ ಡಾಟ್‌ನೆಟ್ ಕರೆಯಿಂದ ಕೇಳ್ತಿದ್ರೆ ಹುಷಾರು. ಡಾಟ್‌ನೆಟ್ 8ರಿಂದ ಅದರ ಉತ್ತರ ಬದಲಾಗಿದೆ: ಫೈಲ್ಸ್ ಫೋಲ್ಡರ್ ಕೊಡ್ತಿದ್ದದ್ದು ಈಗ ಅದರೊಳಗಿನ ಡಾಕ್ಯುಮೆಂಟ್ಸ್ ಕೊಡತ್ತೆ. ಹೊಸ ಆ್ಯಪ್ ಅಲ್ಲಿ ಖಾಲಿ ಡೇಟಾಬೇಸ್ ಸೃಷ್ಟಿಸಿ ಸುಮ್ನಾಗತ್ತೆ, ಯಾವ ಎರರ್ರೂ ಬರಲ್ಲ. ಹಳೇ ಫೈಲ್ ಅಲ್ಲೇ ಪಕ್ಕದಲ್ಲಿ ಬಿದ್ದಿರತ್ತೆ. ಫ್ಲಟರ್‌ಗೆ ಹೋದ್ರೂ ಇದೇ ಗೋಳು, ಅದರ ಡೀಫಾಲ್ಟ್ ಫೋಲ್ಡರ್‌ಗಳೇ ಬೇರೆ. ಹಳೇ ಜಾಗವನ್ನ ಪೂರ್ತಿ ಬರೆದು ಮೊದಲು ಅಲ್ಲಿ ಹುಡುಕಿಸಿ. ಸೆಕ್ಯೂರ್ ಸ್ಟೋರೇಜ್‌ನಲ್ಲಿ ಇಟ್ಟ ಟೋಕನ್ ಕೂಡ ಮೌಯಿ ನೇರ ಓದಲ್ಲ, ಹಳೇದನ್ನ ಓದೋ ಲೆಗಸಿ ಕ್ಲಾಸ್ ಬರೆದು ದಾಟಿಸ್ಬೇಕು, ಇಲ್ಲಾ ಎಲ್ರೂ ಮತ್ತೆ ಲಾಗಿನ್ ಆಗ್ಲಿ ಅನ್ನಿ.

ಪ್ಯಾಕೇಜ್ ಹೆಸರು ಅದೇ ಇರ್ಬೇಕು, ವರ್ಷನ್ ಕೋಡ್ ದೊಡ್ಡದಿರ್ಬೇಕು, ಸಹಿ ಮಾಡೋ ಕೀ ಅದೇ ಇರ್ಬೇಕು. ಕೀ ಬೇರೆ ಆದ್ರೆ ಹಳೇದನ್ನ ತೆಗೆದು ಹೊಸದು ಹಾಕ್ಬೇಕು, ತೆಗೆದಾಗ ಡೇಟಾ ಹೋಯ್ತು. ವಿಷುಯಲ್ ಸ್ಟುಡಿಯೋ ಆ ಕೀ ಇರೋ ಫೈಲನ್ನ (ಕೀಸ್ಟೋರ್) ಬಿಲ್ಡ್ ಮಾಡಿದೋರ ಕಂಪ್ಯೂಟರ್‌ನಲ್ಲೇ, ಲೋಕಲ್ ಆ್ಯಪ್ ಡೇಟಾ ಒಳಗಿನ ಜಾಮರಿನ್ ಫೋಲ್ಡರ್‌ನಲ್ಲಿ ಇಟ್ಟಿರತ್ತೆ. ಆ ಮೆಷಿನ್ ಫಾರ್ಮ್ಯಾಟ್ ಆಗೋಕ್ ಮುಂಚೆ ಎರಡು ಕಡೆ ಕಾಪಿ ಮಾಡಿಡಿ, ಪಾಸ್‌ವರ್ಡ್ ಸಮೇತ.

ಮೌಯಿ ಬಗ್ಗೆ ನನ್ನ ತಕರಾರು ಒಂದೇ. ಡಾಟ್‌ನೆಟ್ 8ಕ್ಕೆ ಮೂರು ವರ್ಷ ಬೆಂಬಲ ಇದೆ ಅಂತ ಮೌಯಿ 8ಕ್ಕೂ ಅಷ್ಟೇ ಅಂದ್ಕೋಬೇಡಿ. ಅದರ ಲೆಕ್ಕ ಬೇರೆ, ಮುಂದಿನ ಆವೃತ್ತಿ ಬಂದು ಆರು ತಿಂಗಳಿಗೆ ಹಳೇದು ಕೊನೆ. ಮೌಯಿ 8 ಮುಗಿದದ್ದು 2025ರ ಮೇ 14ಕ್ಕೆ. ಪ್ರತಿ ವರ್ಷ ಅಪ್‌ಗ್ರೇಡ್‌ಗೆ ಒಂದೆರಡು ವಾರ ಅಂತ ಗ್ರಾಹಕರ ವಾರ್ಷಿಕ ಒಪ್ಪಂದದಲ್ಲೇ ಸೇರಿಸಿ.

ಒತ್ತಕ್ಷರ:

ಎಲ್ಲರೂ ಫೋನಿನ ಭವಿಷ್ಯ ಮಾತಾಡ್ತಿದ್ದೀರಿ, ಕನ್ನಡದ ವರ್ತಮಾನ ಯಾರೂ ಕೇಳ್ತಿಲ್ಲ. ಟೂಲ್‌ಕಿಟ್‌ಗಳಲ್ಲಿ ಎರಡು ಜಾತಿ. ಫೋನಿನದೇ ಪಠ್ಯ ವ್ಯವಸ್ಥೆಗೆ ಕೆಲಸ ಒಪ್ಪಿಸೋದು ಒಂದು: ಮೌಯಿ, ರಿಯಾಕ್ಟ್ ನೇಟಿವ್, ಆಂಡ್ರಾಯ್ಡ್‌ನಲ್ಲಿ ಕಂಪೋಸ್. ಅಕ್ಷರವನ್ನೂ ತಾನೇ ಬಿಡಿಸೋದು ಇನ್ನೊಂದು: ಫ್ಲಟರ್, ಕ್ಯೂಟಿ. ಎರಡನೇ ಜಾತಿ ಬೇರೆ ಓಎಸ್‌ಗೆ ಸುಲಭವಾಗಿ ದಾಟತ್ತೆ, ಯಾಕಂದ್ರೆ ಕೆಳಗಿನದನ್ನ ಹೆಚ್ಚು ನಂಬಿಕೊಂಡಿರಲ್ಲ. ಆದರೆ ಅದರೊಳಗೆ ಹಾರ್ಫ್‌ಬಜ್ ಥರದ ಶೇಪರ್ (ಅಕ್ಷರಕ್ಕೆ ಒತ್ತು ಜೋಡಿಸೋ ಕೋಡ್) ಇರಲೇಬೇಕು. ಫ್ಲಟರ್, ಕ್ಯೂಟಿ ಎರಡರಲ್ಲೂ ಇದೆ. ಸಣ್ಣ ಉಪಕರಣಗಳಿಗೆ ಅಂತ ಬರೋ ಎಲ್‌ವಿಜಿಎಲ್ ಥರದವುಗಳಲ್ಲಿ ಕನ್ನಡದ ಜೋಡಣೆ ಇಲ್ಲ, ಒತ್ತು ಕೆಳಗೆ ಹೋಗೋ ಬದಲು ಅರ್ಧಾಕ್ಷರ, ಪೂರ್ಣಾಕ್ಷರ ಅಂತ ಸಾಲಾಗಿ ನಿಲ್ಲತ್ತೆ. ಗ್ರಾಹಕರು ನಾಳೆ ಯಾವುದೋ ಸಣ್ಣ ಓಎಸ್‌ನ ಉಪಕರಣ ತಂದಿಟ್ಟರೆ ಮೊದಲು ಇದನ್ನ ನೋಡಿ.

ಯಾವುದೇ ಟೂಲ್‌ಕಿಟ್ ಆಗಲಿ, ಮೊದಲ ದಿನವೇ ಒಂದು ಪರದೆಯಲ್ಲಿ ಈ ಪದಗಳನ್ನ ಹಾಕಿ: ಸ್ವಾತಂತ್ರ್ಯ, ರಾಷ್ಟ್ರ, ಅರ್ಕಾವತಿ, ರ‍್ಯಾಂಕ್, ಆಫ್‌ಲೈನ್. ಮೊದಲೆರಡರಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು ಇವೆ. ಸಾಲಿನ ಎತ್ತರವನ್ನ ಕೈಯಾರೆ 1.0 ಮಾಡಿದ್ದರೆ, ಅಥವಾ ಆಂಡ್ರಾಯ್ಡ್‌ನಲ್ಲಿ ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್ ಆಫ್ ಮಾಡಿದ್ದರೆ ಒತ್ತಿನ ಬಾಲ ಕತ್ತರಿಸಿ ಹೋಗೋದು ಇಲ್ಲೇ. ಮೂರನೆಯದು ಅರ್ಕಾವೊತ್ತಿಗೆ. ರ‍್ಯಾಂಕ್‌ನಲ್ಲಿ ಜೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಚಿಹ್ನೆ ಇದೆ, ಆಫ್‌ಲೈನ್‌ನಲ್ಲಿ ನಾನ್ ಜಾಯ್ನರ್. "ಕಾಣದ ಅಕ್ಷರ ತೆಗೆ" ಅಂತ ಸರ್ವರ್‌ನಲ್ಲಿ ಯಾರಾದರೂ ಫಿಲ್ಟರ್ ಬರೆದಿದ್ದರೆ ಇವೆರಡೂ ಸತ್ತವು.

ಪಟ್ಟಿಯ ಕ್ರಮವನ್ನೂ ನೋಡಿ. ಯೂನಿಕೋಡ್‌ನಲ್ಲಿ ಳ ಕೂತಿರೋದು ಲ ಆದ ಕೂಡಲೇ, ವ ಬರೋಕೆ ಮುಂಚೆ. ಬರೀ ಕೋಡ್ ಪಾಯಿಂಟ್ (ಅಕ್ಷರದ ಯೂನಿಕೋಡ್ ಸಂಖ್ಯೆ) ಹೋಲಿಸಿದರೆ "ಕಳಸ" ಮೊದಲು, "ಕವಿತಾ" ಆಮೇಲೆ. ವರ್ಣಮಾಲೆಯಲ್ಲಿ ಳ ಕೊನೆಗೆ ಅಲ್ಲವೇ? ಡಾರ್ಟ್‌ನ ಸಾಮಾನ್ಯ ಹೋಲಿಕೆ ಮಾಡೋದು ಇದನ್ನೇ. ಬ್ಲಾಕ್‌ನ ನಿವಾಸಿಗಳ ಪಟ್ಟಿ ಹೀಗೆ ಬಂದರೆ ಬೆರಳಲ್ಲಿ ಸರಿಸಿ ಹುಡುಕೋರಿಗೆ ಹೆಸರು ಸಿಗಲ್ಲ.

ಇನ್ನು ಪ್ರಿಂಟರ್. ಅದರೊಳಗೆ ಕನ್ನಡ ಫಾಂಟ್ ಇರಲ್ಲ, ಬಿಲ್ಲನ್ನ ಚಿತ್ರ ಮಾಡಿಯೇ ಕಳಿಸಬೇಕು. 58 ಮಿ.ಮೀ. ಕಾಗದದಲ್ಲಿ ಅಚ್ಚಾಗೋದು 48 ಮಿ.ಮೀ., ಮಿಲಿಮೀಟರ್‌ಗೆ 8 ಚುಕ್ಕಿ, ಒಟ್ಟು 384. ಒಂದು ಚುಕ್ಕಿಗೆ ಒಂದು ಬಿಟ್, ಸಾಲಿಗೆ 48 ಬೈಟ್. 600 ಸಾಲಿನ ಬಿಲ್ ಅಂದರೆ 28,800 ಬೈಟ್. ಇದನ್ನ ಪ್ರಿಂಟರ್‌ಗೆ ಚಿತ್ರ ಕೊಡೋ ಜಿಎಸ್ ವಿ 0 ಆದೇಶದಲ್ಲಿ ಕಳಿಸೋದು. ಒಂದೇ ಉಸಿರಿಗೆ ಕಳಿಸಿದರೆ ಅಗ್ಗದ ಪ್ರಿಂಟರ್‌ನ ಬಫರ್ ತುಂಬಿ ಬೈಟ್ ಬಿದ್ದುಹೋಗತ್ತೆ, ಅಲ್ಲಿಂದ ಮುಂದೆ ಅದು ಚಿತ್ರದ ಬೈಟ್‌ಗಳನ್ನೇ ಅಕ್ಷರ ಅಂದುಕೊಂಡು ಕಸ ಉಗುಳತ್ತೆ. ಚಿತ್ರವನ್ನ ನೂರು ನೂರು ಸಾಲಿನ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಗೂ ಹೊಸದಾಗಿ ಆದೇಶ ಕೊಟ್ಟು, ನಡುವೆ ಸ್ವಲ್ಪ ತಡೆದು ಕಳಿಸಿ. ಅಕ್ಷರದ ಎತ್ತರ 24 ಚುಕ್ಕಿಗಿಂತ ಕಡಿಮೆ ಬೇಡ, ಒತ್ತು ಮಸಿ ಕಲೆ ಆಗತ್ತೆ. ಆಂಟಿ ಏಲಿಯಾಸ್ (ಅಂಚನ್ನ ಬೂದು ಮಾಡಿ ನುಣುಪಾಗಿಸೋದು) ಆಫ್ ಮಾಡಿ. ಬೂದು ಬಣ್ಣವನ್ನ ಡಿದರ್ (ಚುಕ್ಕಿ ಚುಕ್ಕಿ) ಮಾಡಬೇಡಿ, ಒಂದು ಮಿತಿ ಇಟ್ಟು ಕಪ್ಪು ಬಿಳಿ ಮಾಡಿ. ಫಾಂಟ್ ಆ್ಯಪ್ ಜೊತೆಗೇ ಹೋಗಲಿ, ನೋಟೋ ಸ್ಯಾನ್ಸ್ ಕನ್ನಡ ಆದರೆ ಪರವಾನಗಿಯ ತಕರಾರೂ ಇಲ್ಲ.

ಈ ಚಿತ್ರ ಮಾಡೋ ಕೋಡನ್ನ ಪರದೆಯ ಟೂಲ್‌ಕಿಟ್‌ನಿಂದ ದೂರ ಇಡಿ. ಹಳೇ_ಕಂಪೈಲರ್ ಹೇಳಿದ ತಿರುಳಿನ ಪಕ್ಕ, ಸ್ಕಿಯಾಶಾರ್ಪ್ (ಸಿ ಶಾರ್ಪ್‌ನಲ್ಲಿ ಚಿತ್ರ ಬಿಡಿಸೋ ಲೈಬ್ರರಿ) ಮತ್ತು ಅದರ ಹಾರ್ಫ್‌ಬಜ್ ಪ್ಯಾಕೇಜ್ ಬಳಸಿ ಬರೆದರೆ ಲ್ಯಾಪ್‌ಟಾಪ್‌ನಲ್ಲೇ ಬಿಲ್ಲಿನ ಚಿತ್ರ ನೋಡಬಹುದು. ಹಾರ್ಫ್‌ಬಜ್ ಪ್ಯಾಕೇಜ್ ಬಿಟ್ಟು ಬರೀ ಸ್ಕಿಯಾಶಾರ್ಪ್‌ನ ಡ್ರಾ ಟೆಕ್ಸ್ಟ್ ಕರೆದರೆ ಒತ್ತು ಸೇರಲ್ಲ, ನೆನಪಿರಲಿ.

ಸಂಪು_ಲೆಕ್ಕ:

ತುಂಬಾ ಉಪಕಾರ ಆಯ್ತು. ಎಣಿಸಿದೆ: 61 ಫೈಲ್‌ನಲ್ಲಿ ಆ ಸಾಲಿದೆ, ಅದರಲ್ಲಿ ಪರದೆಗೆ ಸೇರಿದ್ದು 34 ಮಾತ್ರ. ದರದ ಸ್ಲ್ಯಾಬ್ ಲೆಕ್ಕದಲ್ಲೂ ಕಲರ್ ಕೂತಿದೆ, ನಾಚಿಕೆ ಆಯ್ತು.

ಗೂಗಲ್ ಸೇವೆಗಳಿಲ್ಲದ ಫೋನ್ ಬಂದರೆ ಏನೇನು ಮುರಿಯತ್ತೆ? ಅದನ್ನ ಈಗಲೇ ಪರೀಕ್ಷೆ ಮಾಡೋಕಾಗತ್ತಾ, ಅಂಥ ಫೋನ್ ಕೈಯಲ್ಲಿ ಇಲ್ಲದೆ?

ಹಳೇ_ಕಂಪೈಲರ್:

ಆಗತ್ತೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ ಮಾಡುವಾಗ ಗೂಗಲ್ ಪ್ಲೇ ಇರೋ ಚಿತ್ರಿಕೆ (ಸಿಸ್ಟಮ್ ಇಮೇಜ್) ಬಿಟ್ಟು, ಬರೀ ಎಒಎಸ್‌ಪಿ (ಆಂಡ್ರಾಯ್ಡ್‌ನ ಮುಕ್ತ ಮೂಲ ಆವೃತ್ತಿ) ಚಿತ್ರಿಕೆ ಆರಿಸಿ. ಅದರಲ್ಲಿ ಗೂಗಲ್ ಸೇವೆ ಯಾವುದೂ ಇರಲ್ಲ. 2023ರ ಜನವರಿಯಲ್ಲಿ ಸುದ್ದಿಯಾದ, ಐಐಟಿ ಮದ್ರಾಸ್‌ನಲ್ಲಿ ಪೋಷಣೆ ಪಡೆದ ಸಂಸ್ಥೆಯ ಭರೋಸ್ ಅನ್ನೋ ಓಎಸ್‌ನ ಬುಡವೂ ಎಒಎಸ್‌ಪಿಯೇ. ಇಂಥ ಫೋನ್‌ಗಳಲ್ಲಿ ನಿಮ್ಮ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲ್) ಓಡತ್ತೆ, ಟೂಲ್‌ಕಿಟ್ ಯಾವುದಾದರೂ. ಕೈ ಕೊಡೋದು ಗೂಗಲ್‌ನವೇ ಆದ ಫೈರ್‌ಬೇಸ್ ಪುಶ್ (ಸರ್ವರ್ ತಾನೇ ಕಳಿಸೋ ಸಂದೇಶ), ಗೂಗಲ್ ಮ್ಯಾಪ್ಸ್, ಪ್ಲೇ ಇಂಟೆಗ್ರಿಟಿ (ಆ್ಯಪ್ ಅಸಲಿಯೇ ಅಂತ ನೋಡೋದು), ಫ್ಯೂಸ್ಡ್ ಲೊಕೇಶನ್ (ಸ್ಥಳ ಹೇಳೋದು). ಡಿಪೆಂಡೆನ್ಸಿ ಪಟ್ಟಿಯಲ್ಲಿ "ಪ್ಲೇ ಸರ್ವೀಸಸ್" ಅಂತ ಹುಡುಕಿ. ನೀವೇ ಹಾಕಿರದಿದ್ದರೂ ಯಾವುದೋ ಪ್ಲಗಿನ್ ಹಿಂಬಾಗಿಲಿಂದ ತಂದಿರತ್ತೆ. ಪುಶ್ ಬದಲು ಸಿಂಕ್ ಆದಾಗಲೇ ಸಂದೇಶ ಎಳೆದುಕೊಳ್ಳಿ, ಮೀಟರ್ ಓದೋ ಕೆಲಸಕ್ಕೆ ಅಷ್ಟು ಸಾಕು. ಸ್ಥಳಕ್ಕೆ ಆಂಡ್ರಾಯ್ಡ್‌ನದೇ ಲೊಕೇಶನ್ ಮ್ಯಾನೇಜರ್.

"ಬೇರೆಯದೇ ಓಎಸ್" ಅಂದರೆ ಅದು ಬೇರೆ ಮಾತು. ಹುವಾವೇಯ ಹಾರ್ಮನಿ ಓಎಸ್ ನೆಕ್ಸ್ಟ್ ಥರದ್ದು ಬಂದರೆ ಎಪಿಕೆ ಓಡಲ್ಲ, ಅಲ್ಲಿನ ಟೂಲ್‌ಕಿಟ್ ಆರ್ಕ್ ಯುಐ. ಫ್ಲಟರ್, ರಿಯಾಕ್ಟ್ ನೇಟಿವ್ ಎರಡನ್ನೂ ಅಲ್ಲಿಗೆ ಒಯ್ದ ಪ್ರತ್ಯೇಕ ಕವಲುಗಳಿವೆ, ಮೌಯಿಗೆ ಆ ಅನುಕೂಲ ಇಲ್ಲ. ಆ ಒಂದು ಸಾಧ್ಯತೆಗಾಗಿ ಮೂರು ಜನ ಸಿ ಶಾರ್ಪ್‌ನವರು ಈಗಲೇ ಡಾರ್ಟ್ ಕಲೀಬೇಕಾ? ನನ್ನ ಪ್ರಕಾರ ಬೇಡ. ಗ್ರಾಹಕರು ಬರವಣಿಗೆಯಲ್ಲಿ ಕೊಡದ ಓಎಸ್‌ಗೆ ನೀವು ದುಡ್ಡು ಸುರೀಬಾರದು. ತಿರುಳು ಬೇರೆ ಆಗಿದ್ದರೆ, ಅಂಥ ಫೋನ್ ಬಂದ ದಿನ 14 ಪರದೆ ಮಾತ್ರ ಹೊಸದಾಗಿ ಬರೆಯೋದು, ಅದಕ್ಕೆ ಬೇರೆ ದರ ಅಂತ ಒಪ್ಪಂದದಲ್ಲಿ ಒಂದು ಸಾಲು ಹಾಕಿ.

ಬಿಲ್ಡ್_ಮುರೀತು:

ಇದಕ್ಕೆ ನನ್ನದೂ ಹೂಂ. ಹ್ಯಾಂಡ್‌ಸೆಟ್ ಎಲ್ಲ ಆಂಡ್ರಾಯ್ಡೇ ಅಂದ್ಮೇಲೆ ಮೌಯಿ ಕೂಡ ಬಿಟ್ಟು ಡಾಟ್‌ನೆಟ್ ಫಾರ್ ಆಂಡ್ರಾಯ್ಡ್‌ನಲ್ಲಿ ನೇರ ಆಂಡ್ರಾಯ್ಡ್‌ನದೇ ಎಕ್ಸ್‌ಎಂಎಲ್ ಲೇಔಟ್ ಬರೆಯೋದನ್ನೂ ಯೋಚ್ನೆ ಮಾಡಿ. ಆ ವ್ಯೂ ವ್ಯವಸ್ಥೆ 2008ರಿಂದ ಇದೆ, ಇವತ್ತಿಗೂ ಓಡ್ತಿದೆ. 2 ಜಿಬಿ ಫೋನ್‌ನಲ್ಲಿ ಆ್ಯಪ್ ತೆರೆಯೋದೂ ಬೇಗ. ಸೂಪರ್‌ವೈಸರ್‌ಗಳ ಐಫೋನ್‌ಗೆ ವರದಿ ನೋಡೋ ವೆಬ್ ಪುಟ ಸಾಕು, ಅವರೇನು ಬಿಲ್ ಹರೀಬೇಕಾಗಿಲ್ಲ. ಅಲ್ಲಿ @ವೆಬ್_ಸಾಕು ಹೇಳಿದ್ದೇ ಸರಿ.

ಇನ್ನೊಂದು, ಪ್ಲೇ ಸ್ಟೋರ್‌ಗೆ ಹೋಗೋ ಹಾಗಿದ್ರೆ 16 ಕೆಬಿ ಪೇಜ್ (ಫೋನ್ ಮೆಮೊರಿ ಹಂಚೋ ತುಂಡಿನ ಗಾತ್ರ) ವಿಷಯ. 2025ರ ನವೆಂಬರ್ 1ರಿಂದ ಆಂಡ್ರಾಯ್ಡ್ 15 ಗುರಿ ಇಟ್ಟ ಆ್ಯಪ್‌ಗಳ ಎಲ್ಲ ನೇಟಿವ್ ಲೈಬ್ರರಿ ಅದಕ್ಕೆ ಒಗ್ಗಿರ್ಬೇಕು. ಡಾಟ್‌ನೆಟ್ 9 ಒಗ್ಗಿದೆ. ಸಿಕ್ಕಿಹಾಕ್ಕೊಳ್ಳೋದು ಪ್ರಿಂಟರ್ ಕಂಪನಿ ಕೊಟ್ಟ ಹಳೇ ಡಾಟ್ ಎಸ್‌ಓ ಫೈಲ್, ಅದೂ ಒಂದು ನೇಟಿವ್ ಲೈಬ್ರರಿ. ಒತ್ತಕ್ಷರ ಹೇಳಿದ ಹಾಗೆ ಬೈಟ್ ನೀವೇ ಕಳಿಸಿದ್ರೆ ಆ ಫೈಲೇ ಬೇಡ.

ಸಂಪು_ಲೆಕ್ಕ:

ಸರಿ, ಮೊದಲು ಪರದೆಗೆ ಸೇರದ 27 ಫೈಲ್ ಶುಚಿ ಮಾಡೋದು, ಪಕ್ಕದಲ್ಲೇ ಎಕ್ಸ್‌ಎಂಎಲ್ ಲೇಔಟ್‌ನಲ್ಲಿ ಎರಡು ಪರದೆ ಪ್ರಯೋಗ: ರೀಡಿಂಗ್ ಹಾಕೋದು ಮತ್ತು ಬಿಲ್. ಎಸ್‌ಪಿ ರೋಡ್‌ನಲ್ಲಿ ಎರಡು ಮೂರು ಬಗೆಯ ಪ್ರಿಂಟರ್ ತಗೊಂಡು ಬರ್ತೀನಿ. ಒತ್ತಕ್ಷರ ಅವರೇ, ಪಟ್ಟಿ ಪಟ್ಟಿ ಕಳಿಸುವಾಗ ನಡುವೆ ಎಷ್ಟು ತಡೀಬೇಕು?

ಒತ್ತಕ್ಷರ:

ಪ್ರಿಂಟರ್‌ನಿಂದ ಪ್ರಿಂಟರ್‌ಗೆ ಬೇರೆ. 100 ಮಿಲಿಸೆಕೆಂಡ್‌ನಿಂದ ಶುರು ಮಾಡಿ, ಕಸ ಬಂದರೆ 50 50 ಏರಿಸಿ, ಸಂಖ್ಯೆಯನ್ನ ಸೆಟ್ಟಿಂಗ್‌ನಲ್ಲಿಡಿ, ಕೋಡ್‌ನಲ್ಲಿ ಬೇಡ. ಪರೀಕ್ಷೆ ಮಾಡುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕಾಲು ಭಾಗಕ್ಕೆ ಇಳಿದ ಮೇಲೆ, ಮೇಲಿಂದ ಕೆಳಗೆ ದಪ್ಪ ಕಪ್ಪು ಪಟ್ಟಿ ಇರೋ ಬಿಲ್ ಹೊಡೆದು ನೋಡಿ. ಕಪ್ಪು ಜಾಸ್ತಿ ಇದ್ದಷ್ಟೂ ಹೆಡ್ ಕರೆಂಟ್ ಜಾಸ್ತಿ ಎಳೆಯತ್ತೆ, ವೇಗ ಇಳಿಯತ್ತೆ, ಬಫರ್ ಖಾಲಿಯಾಗೋದು ತಡ ಆಗತ್ತೆ. ಅಲ್ಲಿ ನಿಂತ ಸಂಖ್ಯೆಯೇ ನಿಮ್ಮ ಸಂಖ್ಯೆ. ಬಿಲ್ಲಿನ ತಲೆಯಲ್ಲಿ ಕಪ್ಪು ಹಿನ್ನೆಲೆಯ ಲೋಗೋ ಇದ್ದರೆ ಅದನ್ನ ತೆಗೆಸಿಬಿಡಿ.